ಬೋಳು ದಂಟಿನ ಗಿಡ

ಹೋದ ಯುಗಾದಿಯ ಹೊತ್ತಿಗೆ ನಮ್ಮ ಬೀದಿಯ ತಿರುವಿನಲ್ಲಿ, ಕಸದ ರಾಶಿಯ ಪಕ್ಕ, ಒಂದು ಆರ್ಕಿಡ್ ಕುಂಡ ಬಿದ್ದಿತ್ತು. ದಂಟು ಬೋಳಾಗಿತ್ತು, ಎಲೆಗಳು ಮಾತ್ರ ದಪ್ಪಗೆ ಹಸಿರಾಗಿದ್ದವು. ಯಾರದೋ ಗೃಹಪ್ರವೇಶಕ್ಕೆ ಬಂದ ಉಡುಗೊರೆ ಇರಬೇಕು. ಮನಸ್ಸು ತಡೆಯಲಿಲ್ಲ, ಎತ್ತಿಕೊಂಡು ಬಂದೆ.

ಅದು ಫೆಲನಾಪ್ಸಿಸ್. ಪತಂಗದ ಹಾಗಿರುವುದು ಎಂದು ಆ ಹೆಸರಿನ ಅರ್ಥ. 1825ರಲ್ಲಿ ಬ್ಲೂಮ್ ಎಂಬ ಸಸ್ಯಶಾಸ್ತ್ರಜ್ಞ ಇಟ್ಟದ್ದು. ಎರಡು ಮೂರು ತಿಂಗಳು ಬಾಡದೆ ನಿಂತ ಹೂ ಉದುರಿದಾಗ ಗಿಡವೇ ಮುಗಿಯಿತು ಅನ್ನಿಸಿಬಿಡುತ್ತದೆ. ಆದರೆ ಗಿಡದ ಬಾಳಿನಲ್ಲಿ ಹೂವೆಂದರೆ ದೊಡ್ಡ ಖರ್ಚು. ಅದು ಕಳೆದ ಮೇಲೆಯೇ ಹೊಸ ಎಲೆ, ಹೊಸ ಬೇರಿನ ಗಳಿಕೆ ಶುರುವಾಗುವುದು.

ಹಸಿರಿರುವ ದಂಟನ್ನು ಕೆಳಗಿನಿಂದ ಎರಡನೆಯ ಅಥವಾ ಮೂರನೆಯ ಗೆಣ್ಣಿನ ಮೇಲೆ ಕತ್ತರಿಸಿದರೆ ಒಮ್ಮೊಮ್ಮೆ ಅಲ್ಲಿಂದಲೇ ಕವಲೊಡೆದು ಮತ್ತೆ ಹೂ ಬರುತ್ತದೆ. ನನಗೆ ಆ ಆಸೆ ಸರಿಕಾಣದು. ದಣಿದ ಗಿಡವಾದರೆ ದಂಟನ್ನು ಬುಡಕ್ಕೇ ಕತ್ತರಿಸಿ, ವಿಶ್ರಾಂತಿ ಕೊಡಬೇಕು. (ಡೆಂಡ್ರೋಬಿಯಂ ಎಂಬ ಆರ್ಕಿಡ್ ಇದ್ದವರು ಎಲೆಯುದುರಿದ ಹಳೆಯ ಕಾಂಡಕ್ಕೆ ಕತ್ತರಿ ಹಾಕಬೇಡಿ; ನೀರೂ ಆಹಾರವೂ ಕೂಡಿಟ್ಟ ಕಣಜ ಅದು.)

ಮಲೆನಾಡಿನವರಿಗೆ ಇದನ್ನೆಲ್ಲ ಹೇಳಿಕೊಡಬೇಕಿಲ್ಲ. ಮಳೆಗಾಲದ ಬಾಗಿಲಲ್ಲಿ ಮರದ ಕೊಂಬೆಯಿಂದ ನಸುಗೆಂಪು ಚುಕ್ಕೆಯ ಮಾಲೆಯಾಗಿ ಇಳಿಬೀಳುವ ಸೀತಾಳೆ ದಂಡೆ ಆರ್ಕಿಡ್ಡೇ. ಅಸ್ಸಾಮಿನ ಹೆಂಗಳೆಯರು ಬಿಹು ಹಬ್ಬಕ್ಕೆ ಮುಡಿಯುವ ಕಪೌ ಹೂವೂ ಅದೇ. ಹೂವಿನ ಸಂಭ್ರಮ ಕೆಲವೇ ವಾರ. ಉಳಿದ ತಿಂಗಳೆಲ್ಲ ಬರೀ ಎಲೆ, ಬೇರು. ಬಂದಳಿಕೆಯೆಂದು ತಿಳಿದು ಅದನ್ನು ಕಿತ್ತೆಸೆಯುವವರನ್ನು ಕಂಡರೆ ಸಂಕಟವಾಗುತ್ತದೆ. ಬಂದಳಿಕೆ ಮರದೊಳಕ್ಕೆ ಬೇರಿಳಿಸಿ ರಸ ಹೀರುತ್ತದೆ. ಸೀತಾಳೆ ತೊಗಟೆಯನ್ನು ಅಪ್ಪಿಕೊಂಡಿರುತ್ತದೆ, ಅಷ್ಟೆ. ಅದರ ಬದುಕು ಮಳೆನೀರು, ಗಾಳಿ, ತರಗೆಲೆಯ ಪುಡಿಯಲ್ಲಿ.

ಕುಂಡದ ಗಿಡ ಬೇಡುವುದೂ ಇದನ್ನೇ: ನೆನೆಯಬೇಕು, ಆರಬೇಕು, ಗಾಳಿಯಾಡಬೇಕು. ಮಣ್ಣು ಬೇಡ. ಹೂ ಮುಗಿದ ಈ ಬಿಡುವಿನಲ್ಲೇ ಕೊಳೆತ ಬೇರನ್ನು ಕತ್ತರಿಸಿ ಇದ್ದಿಲು, ಇಟ್ಟಿಗೆ ಚೂರು, ತೆಂಗಿನ ಸಿಪ್ಪೆಯಲ್ಲಿ ಕೂರಿಸಬೇಕು. ನೀರಿಗೆ ವಾರದ ಲೆಕ್ಕ ಇಟ್ಟುಕೊಳ್ಳದೆ ಬೇರನ್ನು ನೋಡಿ. ಸ್ಪಂಜಿನಂಥ ಅದರ ಹೊದಿಕೆ ಒಣಗಿದಾಗ ಬೆಳ್ಳಿಬಣ್ಣ, ನೆನೆದಾಗ ಹಸಿರು. ಆದರೆ ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತರೆ ಗಿಡ ಕೊಳೆಯುತ್ತದೆ.

ಮತ್ತೆ ಹೂ ಬಿಡಲು ಫೆಲನಾಪ್ಸಿಸ್‌ಗೆ ಕೆಲವು ವಾರ ತಂಪು ರಾತ್ರಿಗಳು ಬೇಕು, ಸುಮಾರು 18 ಡಿಗ್ರಿಯಷ್ಟು. ಬೆಂಗಳೂರಿನ ಮಾಗಿ ಅದನ್ನು ಪುಕ್ಕಟೆಯಾಗಿ ಕೊಡುತ್ತದೆ; ಕುಂಡವನ್ನು ಪೂರ್ವದ ಕಿಟಕಿಗೆ ಸರಿಸಿದ್ದೇನೆ. ಮೊನ್ನೆ ಎಲೆಯ ಸಂದಿನಿಂದ ಒಂದು ಮೊನೆ ಇಣುಕಿದೆ. ತುದಿ ನುಣ್ಣಗೆ ದುಂಡಗಾದರೆ ಬೇರು, ಪುಟ್ಟ ಕೈಗವಸಿನಂತೆ ಮಡಿಕೆ ಬಿದ್ದರೆ ಹೂದಂಟು. ಇನ್ನೂ ಅಕ್ಕಿಕಾಳಿನಷ್ಟಿದೆ. ದಿನಾ ಬೆಳಿಗ್ಗೆ ಕನ್ನಡಕ ಹಾಕಿಕೊಂಡು ನೋಡುತ್ತಿದ್ದೇನೆ.