ಮುಂಗಡ ಕೊಟ್ಟ ಊರು, ತಂಗಿದ ಊರು

ಬೇಸಿಗೆ ರಜೆ ಬಂತೆಂದರೆ ವ್ಯಾಪಾರಸ್ಥರ ಮನೆಗಳಲ್ಲಿ ಒಂದು ಲೆಕ್ಕಾಚಾರ ಶುರುವಾಗುತ್ತದೆ. ಅಂಗಡಿ ಎಷ್ಟು ದಿನ ಬಿಟ್ಟಿರಬಹುದು, ಗಲ್ಲಾಪೆಟ್ಟಿಗೆಯ ಮುಂದೆ ಯಾರು ಕೂರಬೇಕು, ಎಷ್ಟು ಗಾಡಿ, ಎಷ್ಟು ಜನ. ತೀರ್ಥಯಾತ್ರೆಯಾದರೆ ಉಳಿದದ್ದು ಸುಲಭ. ಧರ್ಮಶಾಲೆ ಇರುತ್ತದೆ, ಭೋಜನಶಾಲೆ ಇರುತ್ತದೆ, ಹೊತ್ತು ಮುಳುಗುವ ಮುಂಚೆ ಊಟ ತಾನಾಗಿ ಮುಗಿಯುತ್ತದೆ. ಈಗಿನ ಮಕ್ಕಳು ಕೇಳುವುದು ಬೇರೆ. ಅವರಿಗೆ ಡೇರೆ ಬೇಕು, ಬಯಲು ಬೇಕು, ಮಲಗಿಕೊಂಡು ನಕ್ಷತ್ರ ಎಣಿಸಬೇಕು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಮನೆಯಲ್ಲಿ ಕೂತು ಬರೆದ ಡೇರೆ ಪ್ರವಾಸದ ಕಾರ್ಯಕ್ರಮ ದಾರಿಯಲ್ಲಿ ಬರೆದ ಹಾಗೆ ನಡೆಯುವುದು ಅಪರೂಪ. ಬದಲಾಯಿಸುವ ಮಾತು ಬಂದಾಗ ನಮ್ಮಂಥ ಮನೆಗಳಲ್ಲಿ ಏನಾಗುತ್ತದೆ ಎಂಬುದನ್ನೇ ಈ ತಿಂಗಳು ಬರೆಯೋಣವೆಂದುಕೊಂಡೆವು.

2024ರ ಏಪ್ರಿಲ್ 12, ಶುಕ್ರವಾರ. ಬೆಂಗಳೂರಿನಿಂದ ಎರಡು ಗಾಡಿಯಲ್ಲಿ ಒಂಬತ್ತು ಜನ ಹೊರಟೆವು. ಎಲ್ಲರಿಗಿಂತ ಹಿರಿಯರಾದ ಅಜ್ಜಿಗೆ 74 ವರ್ಷ, ಕಿರಿಯವನಿಗೆ 7. ಯುಗಾದಿ ಮುಗಿದಿತ್ತು, 21ನೇ ತಾರೀಖಿನ ಮಹಾವೀರ ಜಯಂತಿಗೆ ಮೊದಲೇ ಮನೆ ಸೇರಬೇಕಿತ್ತು. ಹೊಸೂರು, ಡೆಂಕಣಿಕೋಟೆ ದಾಟಿ ಅಂಚೆಟ್ಟಿ ಕಡೆಯ ಒಂದು ಮಾವಿನ ತೋಪಿನಲ್ಲಿ ಮೊದಲ ರಾತ್ರಿ ಡೇರೆ. ಮರುದಿನ ಹೊಗೆನಕಲ್ಲಿನಲ್ಲಿ ಹರಿಗೋಲು. ಮೂರನೆಯ ದಿನ ವಾಪಸು. ತೋಪು ಖಾಸಗಿ ಪಟ್ಟಾ ಜಮೀನು, ಮಾಲೀಕರ ಒಪ್ಪಿಗೆ ಪಡೆದು ಮುಂಗಡವನ್ನೂ ಕೊಟ್ಟಾಗಿತ್ತು.

ಕಾಡಿನೊಳಗೆ ಡೇರೆ ಹಾಕುವ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. 2018ರ ಮಾರ್ಚ್ 11ರಂದು ಥೇಣಿ ಜಿಲ್ಲೆಯ ಕುರಂಗಣಿಯಲ್ಲಿ ಕಾಡ್ಗಿಚ್ಚಿಗೆ ಸಿಕ್ಕಿ ಚಾರಣಕ್ಕೆ ಹೋದ 23 ಮಂದಿ ಸತ್ತದ್ದು ಎಲ್ಲರಿಗೂ ನೆನಪಿದೆ. ಬೇಸಿಗೆಯ ಒಣ ಹುಲ್ಲಿನ ಬೆಟ್ಟ ಮಕ್ಕಳನ್ನು ಕರೆದುಕೊಂಡು ಹೋಗುವ ಜಾಗವಲ್ಲ. ಅದೂ ಅಲ್ಲದೆ ಅಂಚೆಟ್ಟಿ, ಜವಳಗಿರಿ ಸೀಮೆಯ ಕಾಡು 2014ರಿಂದ ಕಾವೇರಿ ಉತ್ತರ ವನ್ಯಜೀವಿಧಾಮಕ್ಕೆ ಸೇರಿದೆ. ಅಪ್ಪಣೆಯಿಲ್ಲದೆ ಅಲ್ಲಿ ಕಾಲಿಡುವಂತಿಲ್ಲ.

ಮೊದಲ ತಡೆ ಗಡಿಯಲ್ಲೇ ಆಯಿತು. ಅದು ಲೋಕಸಭಾ ಚುನಾವಣೆಯ ಹೊತ್ತು. ತಮಿಳುನಾಡಿನಲ್ಲಿ 19ಕ್ಕೆ ಮತದಾನ, ಬೆಂಗಳೂರಿನಲ್ಲಿ 26ಕ್ಕೆ. ನೀತಿಸಂಹಿತೆಯ ಕಾಲದಲ್ಲಿ ದಾಖಲೆಯಿಲ್ಲದೆ 50,000 ರೂಪಾಯಿಗಿಂತ ಹೆಚ್ಚು ನಗದು ಸಿಕ್ಕರೆ ಹಿಡಿದಿಡುತ್ತಾರೆಂಬುದು ನಮ್ಮ ಓದುಗರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ವಸೂಲಿಗೆ ಹೋಗಿ ಕೈಸುಟ್ಟುಕೊಂಡವರು ನಮ್ಮಲ್ಲೇ ಇದ್ದಾರೆ. ನಮ್ಮ ಕೈಯಲ್ಲಿ ಅಷ್ಟು ಹಣವಿರಲಿಲ್ಲ. ಆದರೆ ಡೇರೆಯ ಉದ್ದುದ್ದ ಚೀಲ, ಸ್ಟೀಲ್ ಡಬ್ಬ, ಹಾಸಿಗೆ ಸುರುಳಿ, ಎಲ್ಲವನ್ನೂ ಬಿಚ್ಚಿಸಿ ನೋಡಿದರು. ಹಪ್ಪಳದ ಡಬ್ಬವನ್ನೂ ಬಿಡಲಿಲ್ಲ. ಮುಕ್ಕಾಲು ಗಂಟೆ ಹೋಯಿತು. ಅವರ ಕೆಲಸ ಅವರು ಮಾಡಿದರು.

ಡೆಂಕಣಿಕೋಟೆ ಮುಟ್ಟಿದಾಗ ನಾಲ್ಕು ಗಂಟೆ. ತೋಪು ಕಾಯುವವನಿಂದ ಅಲ್ಲೇ ಫೋನು ಬಂತು. ಎರಡು ರಾತ್ರಿಯಿಂದ ತೊಟ್ಟಿಯ ನೀರಿಗೆ ಆನೆಗಳು ಬರುತ್ತಿವೆ, ನೀವು ಬನ್ನಿ, ಆದರೆ ಡೇರೆ ಬೇಡ, ಎಲ್ಲರೂ ಶೆಡ್ಡಿನಲ್ಲಿ ಮಲಗಿ ಎಂದ. ಆ ವರ್ಷದ ಬರ ಓದುಗರಿಗೆ ಗೊತ್ತಿದೆ. ಬೆಂಗಳೂರಿನಲ್ಲೇ ಏಪ್ರಿಲ್ ತಿಂಗಳಿಡೀ ಮಳೆಯ ಹನಿ ಬೀಳಲಿಲ್ಲ. ಕಾಡಿನ ಗುಂಡಿಗಳು ಬತ್ತಿದ ಮೇಲೆ ಆನೆ ತಾನೆ ಎಲ್ಲಿಗೆ ಹೋಗಬೇಕು? ನೀರಿದ್ದ ಕಡೆಗೆ ಬಂತು. ಅದರ ಮೇಲೆ ದೂರು ಹೇಳುವುದು ನಮಗೆ ಸರಿಕಾಣುವುದಿಲ್ಲ.

ಈಗ ನಿಜವಾದ ಪ್ರಶ್ನೆ ಎದ್ದಿತು. ಮುಂದೆ ಇದ್ದದ್ದು ಕಾಡಿನ ನಡುವಿನ ಬೆಟ್ಟದ ದಾರಿ. ತೋಪು ಸೇರಿ ಸಾಮಾನು ಇಳಿಸುವ ಹೊತ್ತಿಗೆ ಆರು ಗಂಟೆ ದಾಟುತ್ತಿತ್ತು, ಸೂರ್ಯಾಸ್ತ ಆರೂವರೆಗೆ. ಅಜ್ಜಿ ರಾತ್ರಿಭೋಜನ ಬಿಟ್ಟು ಎಷ್ಟೋ ವರ್ಷವಾಗಿದೆ. ಹೊತ್ತು ಮುಳುಗಿದರೆ ಮರುದಿನ ಬೆಳಗಿನವರೆಗೆ ಅವರಿಗೆ ನೀರೂ ಇಲ್ಲ. ಅಂಥ ಬಿಸಿಲಿನಲ್ಲಿ ದಿನವಿಡೀ ಗಾಡಿಯಲ್ಲಿ ಕೂತ ಹಿರಿಯ ಜೀವಕ್ಕೆ ಇದು ಹಗುರದ ಮಾತಲ್ಲ.

ಹೀಗಿದ್ದರೂ ಮನೆಯ ಹಿರಿಯಣ್ಣನವರ ಬಾಯಿಂದ ಬಂದ ಮೊದಲ ಮಾತು, ‘ಮುಂಗಡ ಕೊಟ್ಟಾಗಿದೆಯಲ್ಲ!’

ಓದುಗ ಬಂಧುಗಳೇ, ಇಲ್ಲಿ ಸ್ವಲ್ಪ ನಿಲ್ಲೋಣ. ಅಂಗಡಿಯಲ್ಲಿ ಮಾಲು ಓಡದಿದ್ದರೆ ನಾವು ಏನು ಮಾಡುತ್ತೇವೆ? ಅಸಲಿಗಿಂತ ಕಡಿಮೆಗಾದರೂ ಕೊಟ್ಟು ಕಪಾಟು ಖಾಲಿ ಮಾಡುತ್ತೇವೆ. ಬಾರದ ಬಾಕಿಯ ಹಿಂದೆ ಹೊಸ ಸಾಲ ಸುರಿಯುವವನನ್ನು ಜಾಣನೆನ್ನುವುದಿಲ್ಲ. ಹೋದದ್ದು ಹೋಯಿತು, ಮುಂದಿನ ರೂಪಾಯಿ ಎಲ್ಲಿ ಹಾಕಬೇಕು ಎಂದು ನೋಡುವುದು ನಮ್ಮ ಹಿರಿಯರು ಕಲಿಸಿದ ವ್ಯಾಪಾರ. ಅದೇ ನಾವು ಹೆಂಡತಿ ಮಕ್ಕಳೊಂದಿಗೆ ದಾರಿಯಲ್ಲಿರುವಾಗ ಕೆಲವು ಸಾವಿರದ ಮುಂಗಡ ನಮ್ಮ ಮೂಗುದಾರ ಹಿಡಿದು ಎಳೆಯುತ್ತದೆ. ಹಣಕ್ಕಿಂತ ಹೆಚ್ಚಾಗಿ, ಕಾರ್ಯಕ್ರಮ ಬರೆದವರು ನಾವು, ಬದಲಾಯಿಸಿದರೆ ನಮ್ಮ ಮಾತು ಬಿದ್ದಂತೆ ಎಂಬ ಅಭಿಮಾನ. ತಾಯಂದಿರಿಗೆ ಇದು ಚೆನ್ನಾಗಿ ಗೊತ್ತು. ಅವರು ಹೇಳುವುದಿಲ್ಲ, ಅಷ್ಟೆ.

ಅಂದು ಹೇಳಿದವರು ಅಜ್ಜಿಯೇ. ಜಗಳವಿಲ್ಲ, ಉಪದೇಶವಿಲ್ಲ. ‘ಇನ್ನು ಹೊತ್ತು ಎಷ್ಟಿದೆ?’ ಎಂದು ಕೇಳಿದರು. ಎರಡೂವರೆ ಗಂಟೆ ಎಂದೆವು. ‘ಅಷ್ಟರಲ್ಲಿ ಒಲೆ ಹಚ್ಚಿ, ಉಂಡು, ಪಾತ್ರೆ ತೊಳೆಯುವ ಊರು ಯಾವುದು?’ ಎಂದರು. ಭೂಪಟ ನೋಡುವ ಕ್ರಮವೇ ತಿರುಗಿಬಿಟ್ಟಿತು. ಅಲ್ಲಿಯವರೆಗೆ ಊರನ್ನು ಗಟ್ಟಿಮಾಡಿಕೊಂಡು ಹೊತ್ತನ್ನು ಎಳೆದಾಡುತ್ತಿದ್ದೆವು. ಈಗ ಹೊತ್ತು ಗಟ್ಟಿಯಾಯಿತು, ಊರು ಹುಡುಕಿದೆವು.

ಸಿಕ್ಕಿದ್ದು ಗುಮ್ಮಳಾಪುರ, ತಳಿ ಕಡೆಯ ಊರು. ಅಲ್ಲಿ ನಮ್ಮ ಹಳೆಯ ಗಿರಾಕಿಯೊಬ್ಬರಿದ್ದಾರೆ, ತಂದೆಯ ಕಾಲದಿಂದ ಬಟ್ಟೆ ಒಯ್ಯುವವರು. ನಮ್ಮ ಹಳೆಯ ಖಾತೆ ಪುಸ್ತಕದಲ್ಲಿ ಅವರ ವಿಳಾಸ ಇನ್ನೂ ಧರ್ಮಪುರಿ ಜಿಲ್ಲೆ ಎಂದೇ ಇದೆ. ಕೃಷ್ಣಗಿರಿ ಬೇರೆ ಜಿಲ್ಲೆಯಾದದ್ದು 2004ರಲ್ಲಿ. ಫೋನು ಮಾಡಿದರೆ ಅವರು ಕೇಳಿದ್ದು ಎರಡೇ: ಎಷ್ಟು ಜನ, ನೀರು ಕಾಯಿಸಿಡಲೇ? ಬೆಂಗಳೂರಿನ ಶಾಲೆಯಲ್ಲಿ ಕನ್ನಡ ಬಿಟ್ಟು ಬೇರೆ ಭಾಷೆ ತೆಗೆದುಕೊಂಡ ನಮ್ಮ ಮಕ್ಕಳು ತಮಿಳುನಾಡಿನ ಹಳ್ಳಿಯಲ್ಲಿ ಅಂಥ ಕನ್ನಡ ಕೇಳಿ ಬೆರಗಾದರು. ನಾವು ಬೆರಗಾಗಲಿಲ್ಲ. ಶೂನ್ಯಸಂಪಾದನೆಯ ಸಂಪಾದಕರಲ್ಲಿ ಒಬ್ಬರು ಗುಮ್ಮಳಾಪುರದ ಸಿದ್ಧಲಿಂಗಯತಿ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದವರು ನಾವು.

ಐದೂಕಾಲಿಗೆ ಅಂಗಳ ಸೇರಿದೆವು. ಅಜ್ಜಿಯ ಊಟ ಆರಕ್ಕೆ ಮುಗಿಯಿತು: ಚಪಾತಿ, ಹೆಸರುಕಾಳು, ಸೌತೆಕಾಯಿ, ಆ ಮನೆಯ ಹಾಲು. ಈರುಳ್ಳಿ, ಆಲೂಗಡ್ಡೆ ನಾವು ಮುಟ್ಟುವುದಿಲ್ಲವೆಂದು ಅವರಿಗೆ ಹೇಳಬೇಕಾಗಲೇ ಇಲ್ಲ. ಮೂವತ್ತು ವರ್ಷದ ವ್ಯವಹಾರದಲ್ಲಿ ತಿಳಿದುಕೊಂಡಿದ್ದರು. ಆನೆ ಆ ಸೀಮೆಗೂ ಬರುತ್ತದೆ, ಬನ್ನೇರುಘಟ್ಟದಿಂದ ಜವಳಗಿರಿಯವರೆಗೂ ಅವುಗಳ ಓಡಾಟವಿದೆ. ಆದರೆ ಸುತ್ತ ಮನೆಗಳಿರುವ ಅಂಗಳದ ಮಾತು ಬೇರೆ. ಡೇರೆ ಅಲ್ಲೇ ಎದ್ದವು. ನೋಡಲು ಬೀದಿಯ ಮಕ್ಕಳೆಲ್ಲ ಬಂದರು, ಗೂಟ ಹೊಡೆಯುವುದರಲ್ಲಿ ನಮ್ಮವರಿಗಿಂತ ಅವರೇ ಚುರುಕು.

ದೊಡ್ಡ ಹುಡುಗಿ ಮಾತ್ರ ಡೇರೆಯೊಳಗೆ ಮಲಗಲು ಒಪ್ಪಲಿಲ್ಲ. ಕೆನೆತ್ ಆಂಡರ್ಸನ್ ಅವರ 1954ರ ಪುಸ್ತಕದಲ್ಲಿ ಗುಮ್ಮಳಾಪುರದ ನರಭಕ್ಷಕ ಚಿರತೆಯ ಕಥೆಯಿದೆ. ಅದು 42 ಜನರನ್ನು ಕೊಂದಿತೆಂದು ಅವರು ಬರೆದಿದ್ದಾರೆ. ಅದನ್ನು ಅವಳು ಓದಿಬಿಟ್ಟಿದ್ದಳು. ಬೇಟೆಯ ಕಥೆಗಳು ನಮ್ಮ ಮನೆಗೆ ಒಗ್ಗುವ ಓದಲ್ಲ, ಆದರೆ ಗ್ರಂಥಾಲಯದ ಪುಸ್ತಕವನ್ನು ಯಾರು ತಡೆಯುತ್ತಾರೆ? ಅವಳು ಅಜ್ಜಿಯ ಪಕ್ಕದಲ್ಲಿ ಪಡಸಾಲೆಯಲ್ಲಿ ಮಲಗಿದಳು.

ಮರುದಿನ ಇನ್ನೊಂದು ಬದಲಾವಣೆ. ಹೊಗೆನಕಲ್ ಬೇಡವೆಂದು ತೀರ್ಮಾನವಾಯಿತು. ನದಿಯಲ್ಲಿ ನೀರು ತೀರ ಇಳಿದಿತ್ತು, ಸುತ್ತಿಕೊಂಡು ಹೋಗುವ ದಾರಿ ಉದ್ದ, ಅಜ್ಜಿಗೆ ಬಿಸಿಲು ತಾಳದು. ಅಲ್ಲಿ ಹೆಜ್ಜೆಹೆಜ್ಜೆಗೂ ಮೀನು ಕರಿಯುವ ಬಾಣಲೆಗಳ ಸಂಗತಿಯನ್ನೂ ಹಿರಿಯರು ಎತ್ತಿದರು, ಅದು ನೆಪವೆಂದು ಎಲ್ಲರಿಗೂ ತಿಳಿದಿತ್ತು. ಚಿಕ್ಕವನು ಅತ್ತ. ಹರಿಗೋಲು ಗಿರಗಿರನೆ ತಿರುಗುತ್ತದೆಂದು ಒಂದು ತಿಂಗಳಿಂದ ಅವನಿಗೆ ಆಸೆ ಹುಟ್ಟಿಸಿದವರು ನಾವೇ ಅಲ್ಲವೆ? ಗುಲಾಬಿ ತೋಟ ತೋರಿಸಿದೆವು, ಎಳನೀರು ಕೊಡಿಸಿದೆವು. ಅವನು ಎರಡನ್ನೂ ಹರಿಗೋಲಿನ ಬದಲಿಗೆ ಒಪ್ಪಿಕೊಳ್ಳಲಿಲ್ಲ. ಒಬ್ಬರ ಹೊತ್ತು ಉಳಿಸಲು ಇನ್ನೊಬ್ಬರ ಆಸೆ ತೆತ್ತೆವೆಂಬುದನ್ನು ಅವನೆದುರು ಮುಚ್ಚಿಡಲಿಲ್ಲ. ‘ಅಜ್ಜಿಗಾಗಿ ಬಿಟ್ಟೆವು, ನಿನ್ನದು ಬಾಕಿ ಇದೆ’ ಎಂದೆವು. ಅಳು ನಿಲ್ಲಲು ಆನೇಕಲ್ ಬರಬೇಕಾಯಿತು.

ತೋಪಿನವರು ಮುಂಗಡದಲ್ಲಿ ಅರ್ಧ ಮರಳಿಸಿದರು, ಉಳಿದರ್ಧವನ್ನು ಕಾವಲುಗಾರನಿಗೆ ಕೊಡಿ ಎಂದೆವು. ಅವನು ಫೋನು ಮಾಡದಿದ್ದರೆ ಆ ಸಂಜೆ ನಾವು ಕಾಡಿನ ದಾರಿಯಲ್ಲಿರುತ್ತಿದ್ದೆವು. ಹಿರಿಯಣ್ಣನವರು ಅದನ್ನು ಪ್ರವಾಸದ ಖರ್ಚಿಗೆ ಬರೆದು ಪುಸ್ತಕ ಮಡಿಸಿದರು. ಹರಿಗೋಲಿನ ವಿಚಾರಕ್ಕೆ ಬಂದರೆ, ಮಳೆಗಾಲದಲ್ಲಿ ಹೊಳೆ ತುಂಬಿ ಬಂದಾಗ ಅಲ್ಲಿ ಹರಿಗೋಲು ಬಿಡುವುದಿಲ್ಲ, ಕಡುಬೇಸಿಗೆಯಲ್ಲಿ ನೀರಿರುವುದಿಲ್ಲ. ದೀಪಾವಳಿಯ ಲೆಕ್ಕ ಮುಗಿದ ಮೇಲೆ, ಹೊಳೆ ಇಳಿದಿದೆಯೇ ಎಂದು ವಿಚಾರಿಸಿಕೊಂಡು ಹೊರಡುವುದು ಅನುಕೂಲ.