ಗೋಧಿ ಬೂಸಾದಲ್ಲಿ ಕಿಣ್ವದ ಬೆಳೆ

ಒಂದು ಹಿಡಿ ಅವಲಕ್ಕಿಯನ್ನು ನಿಧಾನವಾಗಿ ಅಗಿಯಿರಿ. ಸ್ವಲ್ಪ ಹೊತ್ತಿಗೆ ಬಾಯಿ ಸಿಹಿಯಾಗುತ್ತದೆ. ಎಂಜಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆದು ಸಕ್ಕರೆ ಮಾಡುವುದೇ ಇದಕ್ಕೆ ಕಾರಣ. ಕೆಲವು ಬ್ಯಾಕ್ಟೀರಿಯಗಳೂ ಅಮೈಲೇಸ್ ತಯಾರಿಸುತ್ತವೆ. ನೂಲಿಗೆ ಹಾಕಿದ ಗಂಜಿಯನ್ನು ಬಟ್ಟೆಯಿಂದ ತೆಗೆಯಲು, ಪಿಷ್ಟದಿಂದ ಗ್ಲೂಕೋಸ್ ತಯಾರಿಸಲು ಕಾರ್ಖಾನೆಗಳು ಅದನ್ನು ಬಳಸುತ್ತವೆ. ಕಡಿಮೆ ಖರ್ಚಿನಲ್ಲಿ ಹೆಚ್ಚು ಕಿಣ್ವ ಪಡೆಯುವುದು ಹೇಗೆಂಬುದೇ ಪ್ರಶ್ನೆ.

ಇದಕ್ಕೆ ಎರಡು ದಾರಿಗಳಿವೆ. ಮೊದಲನೆಯದು ದ್ರವ ಹುದುಗುವಿಕೆ. ತೊಟ್ಟಿಯ ನೀರಿನಲ್ಲಿ ಆಹಾರ ಬೆರೆಸಿ, ಗಾಳಿ ಊದುತ್ತಾ ಬ್ಯಾಕ್ಟೀರಿಯ ಬೆಳೆಸುವುದು. ಎರಡನೆಯದು ಘನ ಹುದುಗುವಿಕೆ. ನೀರು ನಿಲ್ಲದಂತೆ ತೇವ ಮಾಡಿದ ಗೋಧಿ ಬೂಸಾದ ಮೇಲೆ ಬೆಳೆಸುವುದು. ನಮ್ಮ ಹೊಸಕೆರೆಹಳ್ಳಿಯಲ್ಲಿ ಹಸು ಸಾಕಿದವರು ತಂದು ಹಾಕುವ ಅದೇ ಬೂಸಾ!

ಮೈಸೂರಿನ ಸಿ.ಎಫ್.ಟಿ.ಆರ್.ಐ. ಸಂಸ್ಥೆಯ ವಿಜ್ಞಾನಿಗಳಾದ ಎಂ.ವಿ. ರಮೇಶ್ ಮತ್ತು ಬಿ.ಕೆ. ಲೋನ್ಸಾನೆ ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಎಂಬ ಬ್ಯಾಕ್ಟೀರಿಯವನ್ನು ಎರಡೂ ವಿಧಾನಗಳಲ್ಲಿ ಬೆಳೆಸಿ ನೋಡಿದರು. 1991ರಲ್ಲಿ ಪ್ರಕಟವಾದ ಫಲಿತಾಂಶ ಕುತೂಹಲಕರ. ದ್ರವದಲ್ಲಿ ಗ್ಲೂಕೋಸ್ ಶೇಕಡಾ 1ಕ್ಕೆ ಏರಿದಾಗ ಕಿಣ್ವದ ಉತ್ಪಾದನೆಯೇ ನಿಂತಿತು. ಬಡಿಸಿದ ಎಲೆ ಮುಂದಿರುವಾಗ ಒಲೆ ಹಚ್ಚುವವರು ಯಾರು? ಸಿದ್ಧ ಸಕ್ಕರೆ ಸಿಕ್ಕಿದ ಮೇಲೆ ಪಿಷ್ಟ ಒಡೆಯುವ ಕಿಣ್ವ ಆ ಜೀವಿಗೆ ಬೇಡ. ಆದರೆ ಬೂಸಾದಲ್ಲಿ ಗ್ಲೂಕೋಸ್ ಶೇಕಡಾ 15 ಇದ್ದಾಗಲೂ ಕಿಣ್ವ ಧಾರಾಳವಾಗಿ ಬಂತು! ತೇವ ಕಡಿಮೆ ಇರುವಲ್ಲಿ ಸಕ್ಕರೆ ನಿಧಾನವಾಗಿ ಹರಡುತ್ತದೆ. ಬ್ಯಾಕ್ಟೀರಿಯಕ್ಕೆ ಒಮ್ಮೆಗೇ ಹೆಚ್ಚು ಸಿಗುವುದಿಲ್ಲ. ಹಾಗೆಂದು ನೀರು ಹೆಚ್ಚು ಸುರಿದರೆ ಬೂಸಾದ ಸಂದುಗಳು ಮುಚ್ಚಿ, ಗಾಳಿಯಾಡದೆ ಇಳುವರಿ ಕುಸಿಯುತ್ತದೆ.

ಜೀವಿ ಅದೇ, ಸಕ್ಕರೆ ಅದೇ; ಬೆಳೆಸುವ ರೀತಿ ಬದಲಾದಾಗ ಫಲ ಬದಲಾಯಿತು. ಅದಕ್ಕೇ ಪ್ರಯೋಗದಲ್ಲಿ ಒಮ್ಮೆಗೆ ಒಂದೇ ಅಂಶವನ್ನು ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯದು.

ಬ್ಯಾಕ್ಟೀರಿಯ ಬೆಳೆಸುವ ಸಾಹಸ ಮನೆಯಲ್ಲಿ ಬೇಡ. ರಾಗಿಯನ್ನು ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ ಪುಡಿ ಮಾಡಿ. ಹುರಿಯಬಾರದು, ಕಾವಿಗೆ ಕಿಣ್ವ ಕೆಡುತ್ತದೆ. ಪುಡಿಯನ್ನು ನೀರಿನಲ್ಲಿ ನೆನೆಸಿ ಸೋಸಿ. ತೆಳುವಾದ ಅನ್ನದ ಗಂಜಿಯನ್ನು ಎರಡು ಲೋಟಗಳಿಗೆ ಹಾಕಿ, ಸೋಸಿದ ನೀರನ್ನು ಎರಡಕ್ಕೂ ಸಮನಾಗಿ ಬೆರೆಸಿ. ಒಂದನ್ನು ತಣ್ಣೀರಿನಲ್ಲಿಡಿ, ಇನ್ನೊಂದನ್ನು ಉಗುರುಬೆಚ್ಚಗಿನ ನೀರಿನಲ್ಲಿ. ಐದು ನಿಮಿಷಕ್ಕೊಮ್ಮೆ ಎರಡರಿಂದಲೂ ಒಂದೊಂದು ಹನಿಯನ್ನು ತಟ್ಟೆಗೆ ತೆಗೆದು ಟಿಂಚರ್ ಅಯೋಡಿನ್ ಸೋಕಿಸಿ. ಪಿಷ್ಟ ಉಳಿದಿದ್ದರೆ ನೀಲಿ. ಯಾವ ಲೋಟದ ನೀಲಿ ಮೊದಲು ಮಾಸುತ್ತದೆಂದು ಬರೆದಿಡಿ. ಪರೀಕ್ಷಿಸಿದ್ದನ್ನು ಕುಡಿಯಬೇಡಿ.

ತಂದೆತಾಯಿಗಳಲ್ಲಿ ಒಂದು ವಿನಂತಿ. ವಿಜ್ಞಾನ ಪ್ರದರ್ಶನಕ್ಕೆಂದು ಅಂಗಡಿಯಿಂದ ಥರ್ಮೋಕೋಲ್ ಮಾದರಿ ತಂದುಕೊಡುವ ಬದಲು ಮಗುವಿಗೆ ಎರಡು ಲೋಟ, ಒಂದು ನೋಟ್‌ಬುಕ್ ಕೊಡಿ. ಉತ್ತರವನ್ನು ಅದೇ ಹುಡುಕಲಿ.