ವಯರಿನೊಳಗಿನ ತಾಮ್ರ

ಹುಣಸೂರು, ಕೆ.ಆರ್. ನಗರದ ಕಡೆ ಮನೆ ಕಟ್ಟಿಸುವ ಸಹೋದರಿಯರ ದೂರು ಒಂದೇ: ಹೋದ ತಿಂಗಳು ಹೇಳಿದ ದರಕ್ಕೆ ಅಂಗಡಿಯವರು ಈಗ ವಯರು ಕೊಡುವುದಿಲ್ಲ. ಎಲ್ಲವನ್ನೂ ಅಂಗಡಿಯವರ ತಲೆಗೆ ಕಟ್ಟಲಾಗದು. ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ತಂಬಾಕು ಬೆಳೆಗಾರರ ಮನೆಯವರಿಗೆ ಹರಾಜಿನ ದರ ದಿನದಿನಕ್ಕೆ ಬದಲಾಗುವುದು ಗೊತ್ತೇ ಇದೆ. ತಾಮ್ರಕ್ಕೂ ಅಂಥ ಮಾರುಕಟ್ಟೆಯೊಂದು ಲಂಡನ್ನಿನಲ್ಲಿದೆ. ಅಲ್ಲಿ 2003ರ ಆರಂಭದಲ್ಲಿ ಟನ್ನಿಗೆ 1,700 ಡಾಲರಿನ ಆಸುಪಾಸಿನಲ್ಲಿದ್ದ ತಾಮ್ರ 2006ರ ಮೇ ತಿಂಗಳಲ್ಲಿ 8,000 ದಾಟಿತು. 2008ರ ಕೊನೆಗೆ 3,000ಕ್ಕಿಂತ ಕೆಳಗಿಳಿಯಿತು. 2024ರ ಮೇ ತಿಂಗಳಲ್ಲಿ 10,000ವನ್ನೂ ಮೀರಿತು. ಡಾಲರು ದುಬಾರಿಯಾದರೆ ಹೊರೆ ಇನ್ನೂ ಹೆಚ್ಚು.

2.5 ಚದರ ಮಿ.ಮೀ. ದಪ್ಪದ, 90 ಮೀಟರ್ ಉದ್ದದ ಒಂದು ಸುರುಳಿಯಲ್ಲಿ ತಾಮ್ರವೇ ಸುಮಾರು ಎರಡು ಕೆ.ಜಿ. ಇರುತ್ತದೆ. ವಯರಿನ ಬೆಲೆಯ ಗುಟ್ಟು ಇಷ್ಟೇ. ಆದರೆ ತಾಮ್ರ ತುಟ್ಟಿಯಾದಾಗಲೇ, ಮೇಲೆ ತಾಮ್ರದ ಲೇಪವಿರುವ ಅಲ್ಯೂಮಿನಿಯಂ ವಯರು 'ಅಗ್ಗದ ಮಾಲು' ಎಂದು ಬರುವುದು. ಐಎಸ್‌ಐ ಗುರುತು ನೋಡಿ, ಸುರುಳಿಯನ್ನು ತಕ್ಕಡಿಗಿಡಿ. ಪ್ಲಾಸ್ಟಿಕ್ ಹೊದಿಕೆ ಸೇರಿಯೂ ಎರಡು ಕೆ.ಜಿ. ತೂಗದಿದ್ದರೆ ಅಲ್ಲೇ ಬಿಟ್ಟು ಬನ್ನಿ. ಗೀಸರಿನ ಭಾರಕ್ಕೆ ಅಂಥ ವಯರು ಗೋಡೆಯೊಳಗೇ ಕಾಯುತ್ತದೆ. "ಕರೆಂಟು ಕಂಬದ ತಂತಿಯೂ ಅಲ್ಯೂಮಿನಿಯಮ್ಮೇ ಅಲ್ಲವೇ?" ಎಂದು ವಯರಿಂಗಿನವರು ವಾದಿಸಬಹುದು. ಹೌದು, ಆದರೆ ಅದು ದಪ್ಪ ತಂತಿ, ಬಯಲ ಗಾಳಿಯಲ್ಲಿರುತ್ತದೆ.